ಬಂದವರಿಗೆ ಹಾಕದ ರೊಟ್ಟಿ

ಶಾಲಿವಾಹನ ಶಕೆ ೨೦೯೦, ಆಷಾಢದ ನಲವತ್ತೊಂದನೆಯ ದಿನ
ನರಗುಂದ ಸೀಮೆ

ತೀರಿಹೋಗಿ ಬಹಳ ಕಾಲವಾದ, ಆದರೆ ಈ ಕಾಗದ ತಲುಪುವ ಹೊತ್ತಿಗೆ ಗಟ್ಟಿಮುಟ್ಟಾಗಿ ಒಲೆಯ ಮುಂದೆ ಕುಳಿತಿರುವ ಫಕೀರವ್ವನವರಿಗೆ, ನಿಮ್ಮ ಮರಿಮೊಮ್ಮಗಳ ಮೊಮ್ಮಗಳಾದ ನೀಲಗಂಗಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದಲ್ಲಿ ತಿಂಗಳುಗಳು ಚಂದ್ರನ ಲೆಕ್ಕದಲ್ಲಿ ಮುಗಿಯುತ್ತಿದ್ದವಂತೆ. ನಮ್ಮಲ್ಲಿ ಮಳೆ ಬಿದ್ದ ಮೇಲೆಯೇ ಆಷಾಢ ಮುಗಿಯಿತೆಂದು ಸಾರುತ್ತಾರೆ, ಹಾಗಾಗಿ ಕೆಲವು ವರ್ಷ ಅದು ಅಜ್ಜಿ ಕತೆಯ ಹಾಗೆ ಎಳೆಯುತ್ತಲೇ ಹೋಗುತ್ತದೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಈ ಕಾಗದ ಬರುತ್ತಿರುವುದು ಹಿನ್ನಂಚೆಯಲ್ಲಿ. ಹಿನ್ನಂಚೆ ಎಂದರೆ ಹಿಂದಿನವರಿಗೆ ಹೋಗುವ ಅಂಚೆ. ಜನ್ಮಕ್ಕೆ ಒಂದೇ ಕಾಗದ ಹಾಕಲು ಅನುಮತಿ, ಉತ್ತರ ಬರುವುದಿಲ್ಲ. ಬಹಳ ಮಂದಿ ಅದನ್ನು ಹೊಲಮನೆಯ ತಕರಾರಿಗೆ ಬಳಸುತ್ತಾರೆ. ನಾನು ನಿಮಗೆ ರೊಟ್ಟಿಯ ವಿಷಯ ಬರೆಯುತ್ತಿದ್ದೇನೆ. ಇಷ್ಟು ದೂರದಿಂದ ರೊಟ್ಟಿಗಾಗಿ ಕಾಗದವೇ ಎಂದು ನಗಬೇಡಿ.

ಮೊದಲು ನಮ್ಮ ಲೋಕ ಹೇಗಿದೆ ಎಂದು ಹೇಳಬೇಕು. ನಾಡು ಒಂದೇ ಆಗಿ ಉಳಿದಿದೆ, ಕನ್ನಡವೂ ಉಳಿದಿದೆ, ಜಗಳಗಳೂ ಯಥಾಪ್ರಕಾರ ಉಳಿದಿವೆ. ಧಾರವಾಡದವರು ಪೇಡೆಯ ಮಾತು ತೆಗೆದರೆ ಬೆಳಗಾವಿಯವರು ಕುಂದಾ ಇರುವ ಕಡೆ ಪೇಡೆ ಯಾಕೆ ಎನ್ನುತ್ತಾರೆ. ದಾವಣಗೆರೆಯವರ ದೋಸೆಯಲ್ಲಿ ಬೆಣ್ಣೆ ಕಡಿಮೆಯಾಯಿತೆಂದು ಪಕ್ಕದೂರಿನವನು ಅಂದದ್ದಕ್ಕೆ ಒಂದು ಮದುವೆಯೇ ನಿಂತುಹೋಯಿತು. ಕರಾವಳಿಯವರ ಅರ್ಧ ಊರುಗಳು ಸಮುದ್ರದ ಪಾಲಾಗಿವೆ, ಆದರೂ ಘಟ್ಟದ ಮೇಲಿನವರಿಗೆ ಮೀನು ಸಾರು ಮಾಡಲು ಬರುವುದಿಲ್ಲ ಎಂಬ ಅವರ ಹೆಮ್ಮೆಗೆ ಒಂದು ಹನಿ ನೀರೂ ತಾಗಿಲ್ಲ.

ಅಡುಗೆಯನ್ನು ಈಗ ಹೆಚ್ಚಾಗಿ ಹದಪೆಟ್ಟಿಗೆ ಮಾಡುತ್ತದೆ. ಒಲೆಯ ಪಕ್ಕ ಇಟ್ಟರೆ ಅಡುಗೆ ಮಾಡುವ ಕೈಗಳನ್ನು ನೋಡಿ ಕಲಿತುಕೊಳ್ಳುವ ಯಂತ್ರ ಅದು. ಕಲಿತದ್ದನ್ನು ಮರೆಯುವುದಿಲ್ಲ, ಕಲಿಯದ್ದನ್ನು ಊಹಿಸಲಾರದು. ಪಾಕದ ವಿವರ ಓದಿ ಹೇಳಿದರೆ ಅದರಿಂದ ಬರುವುದು ತಿನ್ನಬಹುದಾದ ಏನೋ ಒಂದು, ಅಷ್ಟೇ. ಅದಕ್ಕಾಗಿ ಕೈಗಾವಲು ಎಂಬ ಒಂದು ಇಲಾಖೆಯಿದೆ, ಪೆಟ್ಟಿಗೆಗೆ ಹೊಸದನ್ನು ಕಲಿಸುವ ಹಕ್ಕು ಅವರಿಗೆ ಮಾತ್ರ. ಅವರು ಊರೂರು ತಿರುಗಿ, ಇನ್ನೂ ಕೈಯಲ್ಲಿ ಉಳಿದಿರುವ ಅಡುಗೆಗಳನ್ನು ಪೆಟ್ಟಿಗೆಗೆ ಕಲಿಸಿಕೊಂಡು ಹೋಗುತ್ತಾರೆ. ಒಂದು ಜೋಡಿ ಕೈಗೆ ವರ್ಷಕ್ಕೆ ಒಂದೇ ಸಲ ಪೆಟ್ಟಿಗೆ ತೆರೆಯುತ್ತದೆ, ಒಂದು ಅಡುಗೆ ನೋಡಿದರೆ ತಾನೇ ಮುಚ್ಚಿಕೊಳ್ಳುತ್ತದೆ.

ಇನ್ನು ನಾಡಪಂಕ್ತಿ. ವರ್ಷಕ್ಕೊಮ್ಮೆ ಎಲ್ಲ ಸೀಮೆಯವರೂ ಒಂದೇ ಸಾಲಿನಲ್ಲಿ ನಿಂತು ತಂತಮ್ಮ ಊಟವನ್ನು ಬಡಿಸುವ ದಿನ. ಪೆಟ್ಟಿಗೆ ಕಲಿತ ಅಡುಗೆಗೆ ಮಾತ್ರ ಅಲ್ಲಿ ಜಾಗ ಎಂದು ಈಚೆಗೆ ಗೊತ್ತುಮಾಡಿದ್ದಾರೆ. ಅಲ್ಲಿ ಬಡಿಸಲು ಏನೂ ಇಲ್ಲದ ಸೀಮೆಯವರು ಎದುರಿನ ಅತಿಥಿ ಸಾಲಿನಲ್ಲಿ ಕೂರಬೇಕು. ಒಮ್ಮೆ ಅಲ್ಲಿ ಕೂತವರು ಮತ್ತೆ ಬಡಿಸುವ ಸಾಲಿಗೆ ಎದ್ದು ಬಂದದ್ದಿಲ್ಲ. ನಮ್ಮ ಸೀಮೆಗೆ ಉಳಿದಿದ್ದದ್ದು ಒಂದೇ ಒಂದು ಅಡುಗೆ, ಮೆತ್ತಗಿನ ಬಿಸಿ ಜೋಳದ ರೊಟ್ಟಿ. ವಿಜಯಪುರದವರ ಗರಿಗರಿ ಕಟಕ್ ರೊಟ್ಟಿ ಪಂಕ್ತಿಯಲ್ಲಿದೆ, ಆದರೆ ಅದು ಬೇರೆ, ನಮ್ಮದು ಬೇರೆ. ಇದನ್ನು ಬೇರೆಯವರಿಗೆ ತಿಳಿಸಿ ಹೇಳಬೇಕಾಗುತ್ತದೆ, ನಿಮಗೆ ಹೇಳಬೇಕಿಲ್ಲ. ಆ ರೊಟ್ಟಿ ಉಳಿದಿದ್ದದ್ದು ಒಂದೇ ಜೋಡಿ ಕೈಯಲ್ಲಿ. ಅದು ನಿಮ್ಮ ಮರಿಮೊಮ್ಮಗಳು, ನನ್ನ ಅಜ್ಜಿ, ನಾನು ಆಯಿ ಎಂದು ಕರೆಯುವ ದ್ಯಾಮವ್ವನ ಕೈ.

ಉಳಿದವರು ಮರೆತದ್ದು ಹೇಗೆ ಎಂದು ಕೇಳುತ್ತೀರಿ. ಸಮುದ್ರ ಮೇಲೆ ಬಂದಾಗ ಕರಾವಳಿಯ ಜನ ನಮ್ಮ ಕಡೆ ಬಂದರು. ಆಮೇಲೆ ನೀರಿಲ್ಲದ ದೊಡ್ಡ ಊರುಗಳವರು ಬಂದರು. ನಮ್ಮವರು ಬೇಡವೆನ್ನಲಿಲ್ಲ. ಪಡಸಾಲೆಗಳನ್ನು ಬಿಟ್ಟುಕೊಟ್ಟರು, ವರ್ಷ ತುಂಬುವುದರೊಳಗೆ ಅವರವರ ಮಾತು ಕಲಿತು ಅವರೊಡನೆ ಅವರ ಮಾತನ್ನೇ ಆಡಿದರು, ಅವರವರ ಅಡುಗೆ ಕಲಿತು ಬಡಿಸಿದರು. ಬಂದವರ ಬಾಯಿಗೆ ಹಿಡಿಸುವುದೇ ನಮ್ಮ ಬಾಯಿಗೂ ರುಚಿ ಎಂಬುದು ನಮ್ಮ ಸೀಮೆಯ ಗಾದೆ. ಬಂದವರ ಮುಂದೆ ರೊಟ್ಟಿ ಇಡುವುದು ಮಾತ್ರ ಅವಮಾನ. ರೊಟ್ಟಿ ಹಿತ್ತಲ ಬಾಗಿಲ ಪಾಲಾಯಿತು. ಮನೆಯವರು ಬೆಳಗ್ಗೆ ಶೇಂಗಾ ಚಟ್ನಿಪುಡಿ, ಮೊಸರು ಹಚ್ಚಿಕೊಂಡು ಗುಟ್ಟಾಗಿ ತಿಂದು ಬಾಯಿ ಒರೆಸಿಕೊಳ್ಳುವ ಪದಾರ್ಥವಾಯಿತು. ಬಂದವರು ಮೂರು ತಲೆಮಾರಾದರೂ ಹೋಗಲಿಲ್ಲ, ಹೋಗಲು ಅವರಿಗೆ ಊರೂ ಇರಲಿಲ್ಲ. ಮನೆಯಲ್ಲಿ ಸದಾ ಅತಿಥಿಗಳಿದ್ದ ಮೇಲೆ ರೊಟ್ಟಿಗೆ ಪಾಳಿ ಬರುವುದು ಯಾವಾಗ?

ಈ ನೇಮಕ್ಕೆ ನಮ್ಮ ಮನೆಯಲ್ಲಿ ನಿಮ್ಮ ಹೆಸರನ್ನೇ ಹೇಳುತ್ತಾರೆ, ಫಕೀರವ್ವನವರೇ. ನಿಮ್ಮ ಬೀಗರು, ಮಗಳ ಅತ್ತೆಮನೆಯವರು, ಹೇಳದೆ ಕೇಳದೆ ಬಂದು ನಿಂತರಂತೆ. ನೀವು ಬಡಿಯುತ್ತಿದ್ದ ರೊಟ್ಟಿಯನ್ನು ಬುಟ್ಟಿ ಕವುಚಿ ಮುಚ್ಚಿ, ಹಿಟ್ಟಿನ ಕೈ ತೊಳೆದು, ಪಕ್ಕದ ಮನೆಯಿಂದ ಅಕ್ಕಿ ತರಿಸಿ, ಅನ್ನ ಹೋಳಿಗೆ ಮಾಡಿ ಬಡಿಸಿದಿರಂತೆ. ಊರೆಲ್ಲ ಹೊಗಳಿತಂತೆ. ಆಯಿ ಈ ಕತೆಯನ್ನು ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದಳೆಂದರೆ, ಹೊಸ್ತಿಲ ಮೇಲೆ ನೆರಳು ಬಿದ್ದರೆ ಸಾಕು, ಅವಳ ಕೈ ತಾನಾಗಿಯೇ ನೀರಿನ ತಂಬಿಗೆಗೆ ಹೋಗುತ್ತಿತ್ತು.

ನಮ್ಮ ಪಡಸಾಲೆಯಲ್ಲಿ ಕುಂದಾಪುರದ ಕಡೆಯ ಗುಲಾಬಿಯಕ್ಕ ಇದ್ದಾರೆ. ಹಾಗೆ ಬಂದು ನೆಲೆಸಿದ ಮನೆತನಕ್ಕೆ ಸೊಸೆಯಾಗಿ ಬಂದಾಗಿನಿಂದ ಇಲ್ಲೇ ಬಾಳಿದವರು, ಈಗ ಹಲ್ಲೂ ಬಿದ್ದಿವೆ. ಆಯಿ ಅವರಿಗೆ ದಿನಾ ನೀರುದೋಸೆ ಮಾಡಿಕೊಡುತ್ತಿದ್ದಳು. ಒಂದು ದಿನ ಗುಲಾಬಿಯಕ್ಕ ಅಡುಗೆಮನೆಯ ಬಾಗಿಲಿಗೆ ಬಂದು, "ದ್ಯಾಮಕ್ಕ, ನಂಗೊಂದ್ ರೊಟ್ಟಿ ಕೊಡಿ, ಕಾಂಬ" ಎಂದರು. ಆಯಿ ಬುಟ್ಟಿಯ ಮೇಲೆ ಸೆರಗು ಎಳೆದು, "ಬಿಡ್ರಿ ಅಕ್ಕಾರ, ಬಂದ ಮಂದಿಗೆ ರೊಟ್ಟಿ ಹಾಕ್ತಾರೇನು? ನಾಳೆ ಊರಾನ ಮಂದಿ ಏನಂದಾರು?" ಎಂದು ಮತ್ತೆರಡು ನೀರುದೋಸೆ ಹಾಕಿದಳು. ಅರ್ಧ ಆಯುಷ್ಯ ಒಂದೇ ಸೂರಿನಡಿ ಕಳೆದ ಮೇಲೂ ಗುಲಾಬಿಯಕ್ಕ ಬಂದ ಮಂದಿಯೇ. ಅದು ಪ್ರೀತಿಯೇ, ನನಗೆ ಗೊತ್ತು. ಆದರೆ ಅವರು ಮುಖ ಸಪ್ಪಗೆ ಮಾಡಿಕೊಂಡು ಹೋದದ್ದು ಈಗಲೂ ಕಣ್ಣಮುಂದಿದೆ.

ನನಗೂ ಅವಳು ಕಲಿಸಲಿಲ್ಲ. ನಾನು ಓಣಿಗೆಲ್ಲ ಅಡುಗೆಯಾಗುವ ಕೂಡುಮನೆಯಲ್ಲಿ ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಕೆಲಸದವಳು. "ದುಡದು ಬಂದೀಯವಾ, ಕುಂದ್ರು, ತಿನ್ನು" ಎನ್ನುತ್ತಿದ್ದಳು. ನನ್ನ ಕೈಗೆ ರೊಟ್ಟಿ ಮುರಿಯುವುದಷ್ಟೇ ಗೊತ್ತು.

ಕೊನೆಗೆ ಕೈಗಾವಲಿಗೆ ಬರೆದು, ಬೇಡಿಕೊಂಡು, ನಮ್ಮ ಮನೆಗೆ ಕರೆಸಿದೆ. ಆಯಿಗೆ ಎಲ್ಲ ತಿಳಿಸಿ ಹೇಳಿದೆ. ಒಪ್ಪಿದಳು. ಜೋಳ ತಾನೇ ಆರಿಸಿದಳು, ಹಿಟ್ಟು ಜರಡಿ ಹಿಡಿದಳು, ಎಸರು ಇಟ್ಟಳು. ಆ ಬೆಳಗ್ಗೆ ಓಣಿಯವರೆಲ್ಲ ಅಂಗಳದಲ್ಲಿ ಸೇರಿದ್ದರು. ಪೆಟ್ಟಿಗೆ ಹೊತ್ತು ಬಂದವನ ಹೆಸರು ಚೆನ್ನಿಗರಾಯ, ನಡುವಯಸ್ಸಿನ ಸಾಧು ಮನುಷ್ಯ. ಒಲೆಯ ಪಕ್ಕ ಪೆಟ್ಟಿಗೆ ಇಟ್ಟು ತೆರೆದ. ಆಯಿ ಹಿಟ್ಟಿಗೆ ಕೈ ಹಾಕಿದವಳು, ತಲೆಯೆತ್ತಿ, "ನಿಮ್ದು ಯಾ ಕಡೆ ಊರಪಾ?" ಎಂದು ಕೇಳಿದಳು.

"ನಾಗಮಂಗಲದ ಕಡೆಯೋನು ಕಣಜ್ಜಿ."

ಅಷ್ಟೇ ಸಾಕಾಯಿತು. ಆಯಿ ಜೋಳದ ಹಿಟ್ಟನ್ನು ಪಕ್ಕಕ್ಕೆ ಸರಿಸಿ ಬುಟ್ಟಿ ಮುಚ್ಚಿದಳು, ಕೈ ತೊಳೆದಳು, ರಾಗಿ ಹಿಟ್ಟಿನ ಡಬ್ಬಿ ಇಳಿಸಿದಳು. ನಾನು ಹತ್ತಿರ ಹೋಗಿ ಕಿವಿಯಲ್ಲಿ ಗೋಗರೆದೆ. "ಹೊಟ್ಟಿ ಹಸದು ಬಂದೈತಿ ಕೂಸು. ಮೊದ್ಲ ಉಣ್ಣಲಿ. ರೊಟ್ಟಿ ಎಲ್ಲಿ ಓಡಿ ಹೊಕ್ಕಾವು? ಅವ್ರು ಹೋದ ಮ್ಯಾಲ ಬಡದು ಕೊಡ್ತೀನಿ" ಎಂದಳು. ಅಂಗಳದಲ್ಲಿದ್ದ ಅಷ್ಟು ಜನರಲ್ಲಿ ಒಬ್ಬರೂ ತಡೆಯಲಿಲ್ಲ. ಎಲ್ಲರೂ ತಲೆ ಆಡಿಸಿದರು. ಬಂದವರ ಮುಂದೆ ಮನೆಯವರು ವಾದ ಮಾಡಬಾರದಲ್ಲ! ಪೆಟ್ಟಿಗೆ ಎಲ್ಲವನ್ನೂ ನೋಡುತ್ತಿತ್ತು. ಎಂದೋ ನಮ್ಮಲ್ಲಿ ತಂಗಿದ್ದ ಆ ಕಡೆಯ ಒಬ್ಬ ಬಾಣಂತಿಯಿಂದ ಕಲಿತ ಮುದ್ದೆಯನ್ನು ಒಂದೂ ಗಂಟಿಲ್ಲದೆ ತಿರುವಿ, ಬಸ್ಸಾರಿನ ಜೊತೆ ಬಡಿಸಿದಳು. ಚೆನ್ನಿಗರಾಯ ಮೊದಲ ತುತ್ತು ನುಂಗಿ ಕಣ್ಣು ಒರೆಸಿಕೊಂಡ. ಅವನ ತಾಯಿ ಹೋದ ಮೇಲೆ ಇಂಥದ್ದು ಉಂಡಿರಲಿಲ್ಲವಂತೆ. ಅವನು ತಿರುಗಿ ನೋಡುವಷ್ಟರಲ್ಲಿ ಪೆಟ್ಟಿಗೆ ಮುಚ್ಚಿಕೊಂಡಿತ್ತು. ಪಂಕ್ತಿಯಲ್ಲಿ ನಾಗಮಂಗಲದವರ ಮುದ್ದೆ ಆಗಲೇ ಇತ್ತು. ಈಗ ಅದಕ್ಕೆ ಇನ್ನೂ ಒಳ್ಳೆಯ ಹದ ಸಿಕ್ಕಿತು, ನರಗುಂದದ ಮುದುಕಿಯ ಕೈಯಿಂದ.

ಆ ಮನುಷ್ಯ ನಾಚಿಕೊಂಡು, ಮೇಲಿನವರ ಕೈಕಾಲು ಹಿಡಿದು ನಮಗೆ ಒಂದು ವರ್ಷದ ಗಡುವು ಕೊಡಿಸಿದ. ಆದರೆ ಮಾರ್ಗಶಿರದಲ್ಲಿ ಆಯಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಅವಳು ಹಾಸಿಗೆಯಿಂದ ಹೇಳುವುದು, ನಾನು ಮಾಡುವುದು ಎಂದು ಚಳಿಗಾಲವಿಡೀ ಹೆಣಗಿದೆವು. ನೀರು ಎಷ್ಟು ಕುದಿಯಬೇಕು? "ಗೊತ್ತಾಗತೈತಿ." ಎಷ್ಟು ನಾದಬೇಕು? "ಸಾಕು ಅನಸ್ತೈತಿ." ನನ್ನ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ, ಹೆಂಚಿಗೆ ಹಾಕುವಾಗ ಹರಿಯುತ್ತದೆ, ಉಬ್ಬುವುದಂತೂ ಇಲ್ಲವೇ ಇಲ್ಲ. ಒಂದು ದಿನ ಆಯಿ ಅಳುತ್ತ, "ಕೈಗೆ ಗೊತ್ತಿತ್ತು ಯವ್ವಾ, ಬಾಯಿಗೆ ಗೊತ್ತಿಲ್ಲ" ಎಂದಳು. ಆಗ ಗುಲಾಬಿಯಕ್ಕ ಒಳಗೆ ಬಂದು, ಬರಿಯ ಹಲಗೆಯ ಮುಂದೆ ಕುಳಿತು, ಅಂಗೈಯಿಂದ ತಟ್ಟತೊಡಗಿದರು. ಮೊದಲು ಮೆಲ್ಲಗೆ, ನಡುವೆ ಜೋರಾಗಿ, ತಿರುಗಿಸುವಾಗ ಒಂದು ಕ್ಷಣ ತಡೆದು, ಮತ್ತೆ ಮೆಲ್ಲಗೆ. ಅದು ಆಯಿಯ ಕೈಯ ಸದ್ದೇ. ಇಷ್ಟು ವರ್ಷ ಗೋಡೆಯಾಚೆಯಿಂದ ಕೇಳಿದ ಸದ್ದು ಅವರಿಗೆ ಬಾಯಿಪಾಠವಾಗಿತ್ತು. ಹಿಟ್ಟಿನ ಹದವೊಂದು ಗೊತ್ತಿಲ್ಲ, ಯಾಕೆಂದರೆ ಅವರನ್ನು ಯಾರೂ ಒಳಗೆ ಕರೆದಿರಲಿಲ್ಲ. ಆ ದಿನ ಬಾಗಿಲಿಗೆ ಬಂದವರನ್ನು ಒಲೆಯ ಪಕ್ಕ ಕೂರಿಸಿಕೊಂಡಿದ್ದರೆ ಇಂದು ನಮ್ಮ ಸೀಮೆಗೆ ಇನ್ನೊಂದು ಜೋಡಿ ಕೈ ಇರುತ್ತಿತ್ತು.

ಈ ವರ್ಷದ ಪಂಕ್ತಿ ಆಯಿತು. ನಮ್ಮನ್ನು ಅತಿಥಿ ಸಾಲಿನಲ್ಲಿ ಕೂರಿಸಿದರು. ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ, ಅದೇ ಹೆಚ್ಚು ಚುಚ್ಚಿತು. ಎಡಗೈಯಲ್ಲಿ ಉಣ್ಣಲು ಒಪ್ಪದ ಆಯಿಗೆ ನಾನು ತುತ್ತು ಇಡುತ್ತಿದ್ದೆ. ಬಡಿಸುವ ಒಬ್ಬ ಹುಡುಗಿ ಅವಳ ಮುಂದೆ ಬಾಗಿ, "ನಿಮ್ಮ ಕಡೆ ಊಟ ಏನಜ್ಜಿ? ಹೇಳಿ, ಅದನ್ನೇ ತರ್ತೀನಿ" ಎಂದಳು. ಜೀವಮಾನವಿಡೀ ಆಯಿ ಊರಿಗೆಲ್ಲ ಕೇಳುತ್ತಿದ್ದ ಪ್ರಶ್ನೆ ಅದು. ಆಯಿ, "ಏನಿದ್ರೂ ನಡೀತೈತವಾ" ಎಂದಳು.

ಫಕೀರವ್ವನವರೇ, ನಿಮ್ಮನ್ನು ದೂರಲು ಬರೆಯುತ್ತಿಲ್ಲ. ಮನೆಗೆ ಬಂದವರನ್ನು ದೇವರೆಂದವರು ನೀವು, ಅದರಲ್ಲಿ ಏನು ತಪ್ಪು ಹುಡುಕಲಿ? ದೇವರಿಗೂ ನಾವು ತಿನ್ನುವುದನ್ನೇ ಎಡೆ ಇಡುತ್ತೇವಲ್ಲ, ಅದೊಂದು ಯಾಕೆ ಮರೆತೆವು ಎಂದು ಮಾತ್ರ ಕೊರಗು. ನನ್ನ ಬೇಡಿಕೆ ಚಿಕ್ಕದು. ಹಿನ್ನಂಚೆಯವರು ಈ ಕಾಗದವನ್ನು ನಿಮ್ಮ ಬೀಗರು ಬರುವ ದಿನ ಬೆಳಗ್ಗೆಯೇ ಮುಟ್ಟಿಸುತ್ತೇವೆ ಎಂದಿದ್ದಾರೆ. ಈಗ ನಿಮ್ಮ ಒಲೆ ಹೊತ್ತಿರುತ್ತದೆ, ಹೆಂಚು ಕಾದಿರುತ್ತದೆ, ಬುಟ್ಟಿಯಲ್ಲಿ ರೊಟ್ಟಿ ಬಿಸಿಯಾಗಿರುತ್ತದೆ. ಸ್ವಲ್ಪ ಹೊತ್ತಿಗೆ ಹೊಸ್ತಿಲ ಮೇಲೆ ನೆರಳು ಬೀಳುತ್ತದೆ. ಬಂದವರನ್ನು ಪಡಸಾಲೆಯಲ್ಲಿ ಕೂರಿಸಬೇಡಿ, ಅಡುಗೆಮನೆಗೇ ಕರೆಯಿರಿ.

ಹಿಟ್ಟಿನ ಕೈ ತೊಳೆಯಬೇಡಿ.

ನಿಮ್ಮ
ನೀಲಗಂಗಾ