ಬಟನ್ ಇಲ್ಲದ ಕಂಟ್ರೋಲರ್

ಒಸಾಕಾ, ಗುರುವಾರ

ಪ್ರೀತಿಯ ಚಿಹಾರು ಅಕ್ಕ,

ಫೋನಿನಲ್ಲಿ ಹೇಳಿದರೆ ಮನೆಯಲ್ಲಿ ನಿನ್ನ ಪಕ್ಕದಲ್ಲಿರುವ ಅಮ್ಮನಿಗೆ ಕೇಳಿಸುತ್ತದೆ. ಅದಕ್ಕೇ ನಿನ್ನ ಕ್ಷೌರದಂಗಡಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ.

ನಮ್ಮ ವಿಡಿಯೊ ಗೇಮ್ ಅಂಗಡಿಗೆ, ಕೈಯಲ್ಲಿ ಹಿಡಿದು ಆಡುವ ಹೊಸ ಕಂಟ್ರೋಲರ್ ಬಂದಿದೆ. ಅದಕ್ಕೆ ಒಂದೂ ಬಟನ್ ಇಲ್ಲ. ಅಂಗೈಗಳ ನಡುವೆ ಹಿಡಿದರೆ ನಾಡಿ ಬಡಿತಕ್ಕೆ ತಕ್ಕಂತೆ ಪರದೆಯ ಮೇಲೆ ದೋಣಿ ಸಾಗುತ್ತದೆ. "ಥೂ, ಅಕ್ಕಿಹಿಟ್ಟಿನ ಮೋಚಿ ಉಂಡೆ ಹಿಸುಕಿದ ಹಾಗಿದೆ! ಆಟ ಆಡೋಕ್ ಬಂದಿದೀವೋ, ಡಾಕ್ಟರ್ ಹತ್ರ ಬಂದಿದೀವೋ?" ಎಂದು ಒಬ್ಬ ಗಿರಾಕಿ ಬಿಸಾಡಿ ಹೋದ. "ಇನ್ಮೇಲೆ ಹಳೇದನ್ನ ಮುಟ್ಟೋದೇ ಇಲ್ಲ" ಎಂದ ಇನ್ನೊಬ್ಬನ ಕೈಯಿಂದ ಬಿಡಿಸಿಕೊಳ್ಳುವುದೇ ಕಷ್ಟವಾಯಿತು.

ಆಡಿ ತೋರಿಸುವುದು ನನ್ನ ಕೆಲಸ. ನನ್ನ ಕೈಯಲ್ಲಿ ಮಾತ್ರ ದೋಣಿ ಆಗಾಗ ನಿಂತುಬಿಡುತ್ತದೆ. ಇಂಥದೇ ಇನ್ನೊಂದು ಕಂಟ್ರೋಲರ್ ತೆಗೆದು ನೋಡಿದರೂ ಹಾಗೆಯೇ. ಜೊತೆಯಲ್ಲಿ ಕೆಲಸ ಮಾಡುವ ಕುಬೋತ ಹಿಡಿದರೆ ನೇರ ಹೋಗುತ್ತದೆ. "ನಿನ್ನ ಎದೆಗೆ ತಾಳಾನೇ ಗೊತ್ತಿಲ್ಲ ಕಣೋ" ಎಂದು ನಕ್ಕ. ನಾನೂ ನಕ್ಕೆ. ಮಣಿಕಟ್ಟು ಮುಟ್ಟಿ ನೋಡಿಕೊಳ್ಳಲು ಮಾತ್ರ ಧೈರ್ಯ ಬಂದಿಲ್ಲ.

ಅಪ್ಪ ಹೋದಾಗ, ಎದೆಬಡಿತ ತಪ್ಪುವ ಈ ಕಾಯಿಲೆ ಮಕ್ಕಳಿಗೂ ಬರಬಹುದು ಎಂದು ವೈದ್ಯರು ಹೇಳಿದ್ದರಲ್ಲ?

ಈ ಕಂಟ್ರೋಲರ್ ಕೆಲಸಕ್ಕೆ ಬಾರದ್ದು ಎಂದು ಯಾರಾದರೂ ಬೈದರೆ ಹತ್ತಿರ ಹೋಗಿ ಕೇಳಿಸಿಕೊಳ್ಳುತ್ತೇನೆ. ಅವರ ಮಾತೇ ನಿಜವಾಗಲಿ ಅನಿಸುತ್ತದೆ.

ಸೋಮವಾರ ನಿನ್ನ ಅಂಗಡಿಗೆ ರಜೆ. ಆ ವೈದ್ಯರ ಹತ್ತಿರ ನನ್ನ ಜೊತೆ ಬರುತ್ತೀಯಾ? ನೀನು ಹೊರಗೆ ಕೂತಿದ್ದರೂ ಸಾಕು.

ಭಾನುವಾರ ಊಟಕ್ಕೆ ಬರುವುದಿಲ್ಲ. ಅಮ್ಮ ಮುಖ ನೋಡಿ ಕೇಳಿದರೆ ಸುಳ್ಳು ಹೇಳಲು ನನಗೆ ಬರುವುದಿಲ್ಲ, ಶಾಲೆ ಅರ್ಧಕ್ಕೇ ಬಿಟ್ಟಾಗಲೂ ಹೇಳಲು ಬರಲಿಲ್ಲ. ಅವನಿಗೆ ಅಂಗಡಿಯಲ್ಲಿ ಕೆಲಸವಿದೆ ಎಂದು ಹೇಳಿಬಿಡು. ಅದು ಸುಳ್ಳಾಗಬಾರದೆಂದು ಆ ದಿನದ ಪಾಳಿ ನಾನೇ ಕೇಳಿ ಪಡೆದಿದ್ದೇನೆ. ದಿನವಿಡೀ ಆ ಕಂಟ್ರೋಲರನ್ನೇ ಹಿಡಿದು ನಿಂತಿರಬೇಕು.

ನಿನ್ನ ತಮ್ಮ,
ಶುನ್ಪೇ