ಹನ್ನೆರಡನೆಯ ಪುಟ

ಮಬ್ಬಿನ ನಂತರದ ಇನ್ನೂರ ಹದಿನಾಲ್ಕನೆಯ ವರ್ಷ,
ಎರಡನೆಯ ಬೇಸಿಗೆಯ ಮೂವತ್ತೈದನೆಯ ದಿನ

ಹೊನ್ನಗಟ್ಟಿ ನೀರು ಕಚೇರಿಯ ಗುಮಾಸ್ತೆ ನೀಲಗಂಗಾ ಅವರಿಗೆ,

ನನ್ನ ಮಾತು ಒರಟಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಸುತ್ತೋಲೆಗಳಿಂದ. ನಮಗೆ ಉಳಿದಿರುವ ಓದು ಅಷ್ಟೇ. ಯಂತ್ರಗಳ ನೆನಪೆಲ್ಲ ಅಳಿಸಿಹೋದ ಕಾಲವನ್ನು ನಾವು ಮಬ್ಬು ಎನ್ನುತ್ತೇವೆ. ಅದನ್ನು ದಾಟಿ ಬಂದದ್ದು ನೀವು ಕಾಗದಕ್ಕೆ ಇಳಿಸಿದ್ದು ಮಾತ್ರ. ಆ ಹಾಳೆಗಳನ್ನು ಗೆದ್ದಲಿನಿಂದ ಕಾಯುವವರಿಗೆ ಹಾಳೆಗಾವಲಿ ಎಂದು ಹೆಸರು. ನಾನು ಚೆನ್ನವೀರವ್ವ, ಹೊನ್ನಗಟ್ಟಿಯ ಹಾಳೆಗಾವಲಿ.

ದಿನಾ ಬೆಳಿಗ್ಗೆ ಹಾಳೆಗಳಿಗೆ ಬೇವಿನ ಹೊಗೆ ಹಾಕಿ ನೆರಳಿನಲ್ಲಿ ಹರಡುತ್ತೇನೆ. ಜನ ಬಂದು ಬಾವಿಯ ಕಲ್ಲಿನಲ್ಲಿ ಕೊರೆದ ಸಂಖ್ಯೆ ಹೇಳುತ್ತಾರೆ. ನಿಮ್ಮ ಪಟ್ಟಿ ನೋಡಿ ನಾನು ಓದುತ್ತೇನೆ: ಕುಡಿಯಲು ಯೋಗ್ಯ, ಅಥವಾ ಫ್ಲೋರೈಡ್ ಹೆಚ್ಚು. ನಾನು ಓದುವವರೆಗೆ ಯಾರೂ ಕೊಡ ಇಳಿಸುವುದಿಲ್ಲ. ನೀರನ್ನು ಪರೀಕ್ಷಿಸುವ ವಿದ್ಯೆ ನಮಗಿಲ್ಲ.

ಪಟ್ಟಿಯ ಕೊನೆಯ ಹಾಳೆಯ ಅಡಿಯಲ್ಲಿ ‘ಪುಟ ೧೧, ಒಟ್ಟು ೧೨’ ಎಂದಿದೆ. ಬಾವಿಗಳು ಇನ್ನೂರ ಇಪ್ಪತ್ತಕ್ಕೆ ನಿಲ್ಲುತ್ತವೆ. ಅದರ ಹಿಂಬದಿಗೆ ನಿಮ್ಮ ಸಹಿಯಿರುವ ಕೈಬರಹದ ಚೀಟಿ ಅಂಟಿದೆ:

“ಎರಡನೇ ಸ್ಕ್ರೀನ್ ಸಾಹೇಬ್ರ ಕೋಣಿಗೆ ಹೋದಾಗಿಂದ ಪ್ರಿಂಟ್ ಬಾಕ್ಸ್ ಆ ಕಡೀನ ತೆರಿತೈತಿ, ನಮಗ ಕಾಣಂಗಿಲ್ಲ. ಗಾಬರಿ ಆಗಬ್ಯಾಡ್ರಿ. ಕಣ್ಣು ಮುಚ್ಚಿ ಎಂಟರ್ ಒತ್ರಿ, ಹಾಳಿ ಬರ್ತಾವ.”

ಹಾಳೆಗಳು ಬಂದವು. ಆದರೆ ಕಾಣದ ಆ ಪೆಟ್ಟಿಗೆಯಲ್ಲಿ ಹಳೆಯ ಪಟ್ಟಿಗೆ ಕೊಟ್ಟ ‘ಪುಟ ಒಂದರಿಂದ ಹನ್ನೊಂದು’ ಹಾಗೇ ಉಳಿದಿತ್ತು ಎಂದು ನನ್ನ ಊಹೆ. ನೀವು ಎಣಿಸಲಿಲ್ಲ. ಸಾಹೇಬರ ಅವಸರ ಇದ್ದಿರಬಹುದು, ಕೆಟ್ಟ ಯಂತ್ರದ ಜೊತೆ ಹೆಣಗಿ ಸಾಕಾಗಿರಬಹುದು. ಆದರೂ ನಿಮ್ಮ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ.

ನಮ್ಮ ಕೇರಿಯ ಬಾವಿ ಇನ್ನೂರ ಮೂವತ್ತೊಂದು. ಬೇರೆ ದಾರಿಯಿಲ್ಲದೆ, ಓದಿಸದೆಯೇ ಕುಡಿದೆವು. ಅದರ ಗುಣ ತಿಳಿಯಲು ಒಂದು ಮಗುವಿನ ಇಡೀ ಬಾಲ್ಯ ಬೇಕಾಯಿತು. ನನ್ನ ಮಗಳು ಬಾಳವ್ವನ ಕಾಲುಗಳು ಹತ್ತು ವರ್ಷಕ್ಕೆ ಬಾಗಿದವು. ಈಗಲೂ ಗೋಡೆ ಹಿಡಿದೇ ನಡೆಯುತ್ತಾಳೆ. ಒಮ್ಮೆಯೂ ನನ್ನನ್ನು ದೂರಿಲ್ಲ, ಅದನ್ನೇ ನನಗೆ ತಡೆಯಲಾಗದು.

ಆ ಬಾವಿಯೂ ಈಗ ಬತ್ತಿದೆ. ಪಕ್ಕದ ಇನ್ನೂರ ಮೂವತ್ತೆರಡರ ಮುಚ್ಚಳವನ್ನು ನಾಡಿದ್ದು ತೆರೆಯುತ್ತಾರೆ.

ಇನ್ನೊಂದು ಕಚೇರಿಯ ಚೀಟಿಯಲ್ಲಿ ನಿಮ್ಮ ತೊಂದರೆಗೆ ಮದ್ದು ಸಿಕ್ಕಿತು. ಆಲ್ಟ್ ಹಿಡಿದು ಸ್ಪೇಸ್ ಒತ್ತಿ, ಆಮೇಲೆ ಎಂ ಒತ್ತಿ, ಬಾಣದ ಕೀಲಿಯಿಂದ ಪೆಟ್ಟಿಗೆಯನ್ನು ಈಚೆಗೆ ಎಳೆದುಕೊಳ್ಳಿ. ‘ಎಲ್ಲ ಪುಟಗಳು’ ಎಂಬಲ್ಲಿ ಗುರುತು ಹಾಕಿ. ಮನೆಗೆ ಹೊರಡುವ ಮುಂಚೆ ದಯವಿಟ್ಟು ಹಾಳೆ ಎಣಿಸಿ. ಕಾಗದ ಹಿಂದಕ್ಕೆ ಹೋಗುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಹೊಸ ನೀರಿನ ಮೊದಲ ಗುಟುಕು ಕೇರಿಯ ಎಲ್ಲರಿಗಿಂತ ಚಿಕ್ಕ ಕೂಸಿಗೆ ಕೊಡುವುದು ನಮ್ಮ ಪದ್ಧತಿ. ಈ ಸಲ ಆ ಕೂಸು ಬಾಳವ್ವನ ಮಗಳು. ಮೊನ್ನೆ ಮೊದಲ ಸಲ ಎದ್ದು ನಿಂತಳು. ಬಟ್ಟಲನ್ನು ತುಟಿಗಿಡುವ ಮುಂಚೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ನಾನು ಏನೆಂದು ಓದಲಿ?

ಚೆನ್ನವೀರವ್ವ