ಪುಟ ನೂರಾ ನಲವತ್ನಾಲ್ಕು

೩೦ ಫೆಬ್ರವರಿ ೨೧೯೪
ತುಂಗಭದ್ರೆಯ ಎಡದಂಡೆ

ಹುಲಿಗೆವ್ವಾ,

ತಾರೀಖು ನೋಡಿ ನಗಬೇಡ. ಒಂದು ತಿಂಗಳು ಇನ್ನೊಂದಕ್ಕಿಂತ ಗಿಡ್ಡ ಯಾಕಿರಬೇಕು ಅಂತ ನಮ್ಮವರು ಜಗಳ ತೆಗೆದು ಎಲ್ಲವನ್ನೂ ಮೂವತ್ತಕ್ಕೆ ಸಮ ಮಾಡಿದರು. ಉಳಿದ ಐದು ದಿನ ಯಾವ ತಿಂಗಳಿಗೂ ಸೇರದವು. ಅವು ದುಡಿಯುವವರ ರಜೆ. ನನ್ನ ಮಾತು ಅಲ್ಲಲ್ಲಿ ಪರವೂರಿನವರ ಮಾತಿನಂತೆ ಕೇಳಿಸಿದರೆ ಹೊಟ್ಟೆಗೆ ಹಾಕಿಕೋ. ನಾನು ಗಾಳೆವ್ವ, ನಿನ್ನಿಂದ ಏಳನೇ ತಲೆಯವಳು. ನನಗೆ ಅರವತ್ತೊಂದು. ನಾನು ಬರೆಯುತ್ತಿರುವುದು ನಿನ್ನ ಇಪ್ಪತ್ತಾರನೇ ವಯಸ್ಸಿನ ಒಂದು ಶನಿವಾರಕ್ಕೆ. ಮೊಮ್ಮಗಳಾಗಿ ಬರೆಯಲೋ ಅಕ್ಕನಾಗಿ ಬರೆಯಲೋ ತಿಳಿಯದೆ ಎರಡೂ ಆಗಿ ಬರೆಯುತ್ತಿದ್ದೇನೆ. ಇದನ್ನು ಮುಟ್ಟಿಸುವ ಅಂಚೆಯಣ್ಣ ಇನ್ನೂ ಹುಟ್ಟಿಲ್ಲ. ಹುಟ್ಟಿಯಾನು.

ನಿನ್ನ ಟ್ರಂಕಿನ ತಳಕ್ಕೆ ಹಾಸಿದ್ದ ಒಂದು ಹಾಳೆ ನಮ್ಮ ಬಳಿ ಇದೆ. ಪುಟ ನೂರಾ ನಲವತ್ಮೂರು. ಮೇಲಿಂದ ಕೆಳಗೆ ಕೆಂಪು ಗೀಟು. ಅಂಚಿನಲ್ಲಿ ನಿನ್ನ ಮಾರ್ಗದರ್ಶಕರ ಅಕ್ಷರ: “ಹುಲಿಗೆಮ್ಮ, ಕಾದಂಬರಿಯಲ್ಲಿ ಇರುವುದನ್ನು ಬರೆಯಿರಿ. ಇಲ್ಲದ್ದನ್ನು ಹುಡುಕಬೇಡಿ. ಸೋಮವಾರದೊಳಗೆ ಈ ಅಧ್ಯಾಯ ತೆಗೆಯಿರಿ.” ನೀನು ಕೊನೆಗೆ ಒಪ್ಪಿಸಿದ ಪ್ರಬಂಧವೂ ನಮ್ಮಲ್ಲಿದೆ, ‘ಒಂದು ಬ್ರಿಟಿಷ್ ಕಾದಂಬರಿಯಲ್ಲಿ ನವ್ಯತೆಯ ಲಕ್ಷಣಗಳು’. ಅದರಲ್ಲಿ ಆ ಅಧ್ಯಾಯ ಇಲ್ಲ.

ಆ ಕಾದಂಬರಿಯನ್ನು ನಾವೂ ಓದಿದ್ದೇವೆ. ಸಾವಿರದ ಒಂಬೈನೂರಾ ಇಪ್ಪತ್ತರ ಆಚೀಚೆಯದು. ಲಂಡನ್ನಿನ ದೊಡ್ಡ ಮನೆ, ಚಳಿಗಾಲದ ಒಂದೇ ದಿನ, ಯಜಮಾನನ ಶವಸಂಸ್ಕಾರ. ಕಥೆ ಅಂತ ಏನೂ ನಡೆಯುವುದಿಲ್ಲ. ಹೆಂಡತಿ, ಇಬ್ಬರು ಮಕ್ಕಳು, ಒಬ್ಬ ತಮ್ಮ, ಈ ನಾಲ್ವರ ಮನಸ್ಸಿನೊಳಗೆ ಬರವಣಿಗೆ ಕಾಲುವೆ ನೀರಿನಂತೆ ನುಗ್ಗುತ್ತದೆ. ವಾಕ್ಯ ಮುಗಿಯದೆ ಓಡುತ್ತದೆ, ಬಾಲ್ಯ ಬಂದು ಸಾವಿನ ಪಕ್ಕ ಕೂರುತ್ತದೆ. ಒಡೆದ ಒಂದೇ ಬಟ್ಟಲು ನಾಲ್ವರ ಕಣ್ಣಲ್ಲಿ ನಾಲ್ಕು ಬಟ್ಟಲು. ಗಡಿಯಾರ ಮೂರು ಬಡಿದು ನಾಲ್ಕು ಬಡಿಯುವಷ್ಟರಲ್ಲಿ ತೊಂಬತ್ತು ಪುಟ. ಇದನ್ನೆಲ್ಲ ನೀನು ಮನಸಾರೆ ಮೆಚ್ಚಿದ್ದೀಯ. ನಾನೂ ಮೆಚ್ಚುತ್ತೇನೆ, ಚೆಂದವನ್ನು ಚೆಂದ ಅನ್ನಲು ನಮಗೇನು ದಾಡಿ? ಆದರೆ ಆ ಮನೆಯ ಏಳು ಕೋಣೆಗೆ ಕಲ್ಲಿದ್ದಲು ಹೊತ್ತು ಬೆಂಕಿ ಹಾಕುವ ಎಡಿತ್ ಎಂಬಾಕೆ ಹನ್ನೊಂದು ಸಲ ಬರುತ್ತಾಳೆ. ಹನ್ನೊಂದು ಸಲವೂ ಕಂಸದೊಳಗೆ. (ಎಡಿತ್ ಬೆಂಕಿ ಹಾಕಿ ಹೋದಳು.) ಅಷ್ಟೇ. ನಾಲ್ವರ ತಲೆಬುರುಡೆ ತೂರಿದ ಲೇಖನಿ ಇವಳ ಏಪ್ರನ್ನಿನ ಹತ್ತಿರ ಬಂದು ಮೊಂಡಾಯಿತು.

ಕೆಂಪು ಗೀಟಿನ ಕೆಳಗೆ ನೀನು ಬರೆದದ್ದು ನಮ್ಮೂರಿನ ಮಕ್ಕಳಿಗೂ ಬಾಯಿಪಾಠ: “ಕೂತು ನೆನೆಯುವವರಿಗೆ ಒಂದು ತಾಸು ತೊಂಬತ್ತು ಪುಟವಾಗುತ್ತದೆ. ಎಡಿತ್‌ಗೆ ತಾಸು ಅಂದರೆ ಇನ್ನೊಂದು ಬಕೆಟ್ಟು ಕಲ್ಲಿದ್ದಲು. ನಮ್ಮವ್ವ ಹಾಸ್ಟೆಲಿನಲ್ಲಿ ಇನ್ನೂರು ಜನಕ್ಕೆ ರೊಟ್ಟಿ ಬಡಿಯುತ್ತಾಳೆ. ಎಡಿತ್ ಒಲೆಯ ಮುಂದೆ ಕೂತಾಗ ಏನು ನೆನೆಯುತ್ತಾಳೆ ಅಂತ ಅವ್ವನನ್ನೇ ಕೇಳಿದೆ. ಅವ್ವ ಅಂದಳು”

ಪುಟ ಮುಗಿಯಿತು. ಮುಂದಿನದು ಇಲ್ಲ.

ನಮ್ಮಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ನೆರಳುಹೊತ್ತು. ಆ ಉರಿಯಲ್ಲಿ ಯಾರನ್ನೂ ದುಡಿಸುವಂತಿಲ್ಲ. ದುಡಿಸಿದವನು ಅಷ್ಟೇ ಹೊತ್ತು ತಾನೂ ಬಿಸಿಲಿಗೆ ನಿಲ್ಲಬೇಕು. ಊರೆಲ್ಲ ನೆರಳುಪಡಸಾಲೆಗೆ ಬರುತ್ತದೆ. ಗೋಡೆಯೊಳಗಿನ ಮಣ್ಣಿನ ಕೊಳವೆಗಳಲ್ಲಿ ಹೊಳೆಯ ನೀರು ಹರಿದು ತಂಪಾದ ಜಾಗ ಅದು. ಮಜ್ಜಿಗೆ, ಸಜ್ಜೆ ರೊಟ್ಟಿ, ಚಟ್ನಿಪುಡಿ. ಒಬ್ಬರು ಆ ಕಾದಂಬರಿ ಓದುತ್ತಾರೆ. ಕಂಸ ಬಂದ ಕೂಡಲೆ ಪುಸ್ತಕ ಕೆಳಗಿಡಬೇಕು. ಆ ದಿನ ಇನ್ನೊಬ್ಬರಿಗಾಗಿ ಕೈ ಮಸಿ ಮಾಡಿಕೊಂಡವರು ಎದ್ದು ಎಡಿತ್ ಆಗಿ ಮಾತಾಡಬೇಕು. ಇದಕ್ಕೆ ಹುಲಿಗೆವ್ವನ ನಿಲುಗಡೆ ಅನ್ನುತ್ತೇವೆ. ನಮ್ಮ ದ್ಯಾಮಣ್ಣ ಎದ್ದರೆ ಹೆಂಗಸರು ಬಿಡುವುದಿಲ್ಲ. “ಕುಂದ್ರೋ ಮಾರಾಯ, ಇವತ್ತು ನೀ ಉಂಡ ತಾಟೂ ತೊಳದಿಲ್ಲ!”

ನನ್ನವ್ವ ತಿಪ್ಪವ್ವನಿಗೆ ತೊಂಬತ್ತು ದಾಟಿದೆ, ಕಣ್ಣು ಕಾಣದು. ನಿಮ್ಮವ್ವ ಏನಂದಳು ಅಂತ ತಿಳಿದುಕೊಂಡೇ ಸಾಯುತ್ತೇನೆ ಅನ್ನುವುದೊಂದೇ ಹಠ. ಹೋದ ವರ್ಷ ನಾನು ತಡೆಯಲಾರದೆ ಪುಟ ನೂರಾ ನಲವತ್ನಾಲ್ಕನ್ನು ನಾನೇ ಬರೆದು, ಸಿಕ್ಕಿತು ಅಂತ ಪಡಸಾಲೆಯಲ್ಲಿ ಓದಿಬಿಟ್ಟೆ. ಕಿಚ್ಚು, ಸರಪಳಿ, ಕ್ರಾಂತಿ, ಎಲ್ಲ ತುಂಬಿದ್ದೆ. ಜನ ಚಪ್ಪಾಳೆ ತಟ್ಟಿದರು. ಅವ್ವ ಮಾತ್ರ, “ಅಲ್ಲ ಗಾಳಿ, ರೊಟ್ಟಿ ಬಡಿಯಾಕಿ ಇಷ್ಟು ಭಾಷಣ ಮಾಡಿದ್ರ ಹಂಚಿನ್ಯಾಗಿನ ರೊಟ್ಟಿ ಸೀದು ಹೋಗತಿತ್ತಲ್ಲ!” ಅಂದಳು. ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿದೆ. ಆ ಲಂಡನ್ನಿನ ಕಾದಂಬರಿಕಾರ ಎಡಿತ್‌ಗೆ ಬಾಯಿ ಕೊಡಲಿಲ್ಲ. ನಾನು ನಿಮ್ಮವ್ವನ ಬಾಯಿಯೊಳಗೆ ನನ್ನ ನಾಲಿಗೆ ಇಟ್ಟೆ. ಎರಡೂ ಒಂದೇ ಕಳ್ಳತನ.

ಅಧ್ಯಾಯ ತೆಗೆಯಬೇಡ ಅಂತ ನಾನು ಘೋಷಣೆ ಕೂಗಬಹುದು. ಗಂಟಲು ಇನ್ನೂ ಗಟ್ಟಿಯಿದೆ. ಆದರೆ ಪದವಿ ನಿಂತಿದ್ದರೆ ನಿಮ್ಮವ್ವ ಇನ್ನೂ ಹತ್ತು ವರ್ಷ ಆ ಹಂಚಿನ ಮುಂದೆ ಕೂರಬೇಕಿತ್ತು. ನಿನ್ನ ಪದವಿಯ ಮೇಲೆಯೇ ನಾವಿಷ್ಟು ತಲೆಮಾರು ಓದಿದ್ದು. ನೀನು ಅಳುತ್ತಾ ತೆಗೆದಿದ್ದೀಯ ಅಂತ ನನಗೆ ಗೊತ್ತು. ಕೆಂಪು ಶಾಯಿ ಒಂದು ಕಡೆ ಕದಡಿದೆ. ನಿನ್ನ ಮೇಲೆ ನಮಗೆ ಸಿಟ್ಟಿಲ್ಲ, ನನ್ನವ್ವಾ.

ಸೋಮವಾರ ಅವರು ಕೇಳಿದ್ದನ್ನು ಅವರಿಗೆ ಕೊಡು. ನಿಮ್ಮವ್ವ ಅಂದದ್ದು ನಮ್ಮದು. ಅದು ಬೈಗುಳವಾಗಿದ್ದರೂ ಸರಿ, ಬರೀ “ಏನೂ ಇಲ್ಲ, ಸೊಂಟ ನೋಯತೈತಿ” ಅಂತಿದ್ದರೂ ಸರಿ. ಟ್ರಂಕಿನ ತಳಕ್ಕೆ ಒಂದು ಹಾಳೆ ಹಾಸುವ ಕಡೆ ಎರಡು ಹಾಸು. ನನ್ನವ್ವ ಗೋಡೆಗೆ ಒರಗಿ ಕೂತಿದ್ದಾಳೆ. ಪುಸ್ತಕ ಕೆಳಗಿಟ್ಟಿದ್ದೇವೆ.

ನಿನ್ನ,
ಗಾಳೆವ್ವ